ಐದನೆಯವಳ ಲೆಕ್ಕ

ಉಟಗಿ, ತಾ. ಜತ್ತ
3 ನವೆಂಬರ್ 2024

ವಿಜಯಶ್ರೀಗೆ,

ನಾನು ಸಂಗವ್ವ ಮುರಗೆಪ್ಪ ಕೋಟ್ಯಾಳ. ಉಟಗಿಯ ಕೋಟ್ಯಾಳರ ಮನೆಗೆ ಹಿರಿಯಳು. ಮೂವತ್ತು ವರ್ಷದಿಂದ ಈ ಮನೆಯ ಉಗ್ರಾಣದ ಕೀಲಿ ನನ್ನ ಸೊಂಟದಲ್ಲಿದೆ. ಸುಗ್ಗಿಯಲ್ಲಿ ಬಲಗಡೆಯ ಮೊದಲ ಸಾಲು ನನ್ನದು. ಯಾವ ಹೊಲಕ್ಕೆ ಯಾವ ಬೀಜ, ಯಾವ ಸೊಸೆಗೆ ಯಾವ ಕೆಲಸ, ಯಾರು ಎಂದು ಹೋಗಬೇಕು, ಎಂದು ಬರಬೇಕು, ಎಲ್ಲ ಹೇಳುವವಳು ನಾನು. ಇದು ನಿನಗೆ ಗೊತ್ತಿಲ್ಲವೆಂದಲ್ಲ. ಮರೆತಿದ್ದೀ ಎಂದು ಬರೆಯುತ್ತಿದ್ದೇನೆ.

ದೀಪಾವಳಿಗೆ ಬರುತ್ತೇನೆಂದವಳು ಬರಲಿಲ್ಲ. ಸರಕಾರಿ ನೌಕರಿಯ ಭರತಿ ಪರೀಕ್ಷೆ ಮಾರ್ಚ್‌ನಲ್ಲಿದೆ, ಅಲ್ಲಿಯವರೆಗೆ ಸಾಂಗಲಿಯ ಕ್ಲಾಸಿನಲ್ಲೇ ಇರುತ್ತೇನೆ ಎಂದು ಗಂಡನೆಂದು ಅನಿಲನಿಗೆ ಪತ್ರ ಬರೆದು ಅಪ್ಪಣೆ ಕೇಳಿದ್ದೀ. ಅವನು ಅದನ್ನು ಓದಿ ನನ್ನ ಮುಂದೆ ತಂದಿಟ್ಟ. "ನನ್ನ ಯಾಕ ಕೇಳ್ತಾಳವ್ವಾ, ನೀ ಹೂಂ ಅಂದ್ರ ಹೂಂ" ಎಂದು ಎಮ್ಮೆ ಕಟ್ಟಲು ಹೋದ. ಈ ಮನೆಯಲ್ಲಿ ಅಪ್ಪಣೆ ಕೇಳುವ ಪತ್ರ ನನ್ನ ಹೆಸರಿಗೆ ಬರಬೇಕು.

ಕ್ಲಾಸಿನವರು ಫೋನ್ ಇಟ್ಟುಕೊಳ್ಳಲು ಬಿಡುವುದಿಲ್ಲವೆಂದು ಅದನ್ನೂ ಇಲ್ಲೇ ಬಿಟ್ಟು ಹೋಗಿದ್ದೀ. ಒಳ್ಳೆಯದಾಯಿತು. ಫೋನಿನಲ್ಲಿ ಆಡಿದ ಮಾತನ್ನು ಸಂಜೆಗೆ ಆಡಿಲ್ಲ ಎನ್ನಬಹುದು. ಕಾಗದಕ್ಕೆ ಹಾಗೆ ಆಗುವುದಿಲ್ಲ.

ಅಭ್ಯಾಸಕ್ಕೆಂದು ಕ್ಲಾಸಿನವರು ಇಟ್ಟ ಮೊದಲ ಸರಾವ ಪರೀಕ್ಷೆಯಲ್ಲಿ ನೂರಕ್ಕೆ ಐವತ್ತೆರಡು ಬಿದ್ದಿದೆ ಎಂದು ಅನಿಲ ಹೇಳಿದ. ನಾನೂ ಎಸ್ಸೆಸ್ಸಿ ಪಾಸಾದವಳು. ಗಣಿತದಲ್ಲಿ ಎಪ್ಪತ್ತೆಂಟು ಬಂದಿತ್ತು. ಯಾವ ಲೆಕ್ಕ ತಪ್ಪಿತು, ಯಾಕೆ ತಪ್ಪಿತು, ನನಗೆ ಬರೆ. ಆಮೇಲೆ ಹೂಂ ಅನ್ನಬೇಕೋ ಬೇಡವೋ ನೋಡುತ್ತೇನೆ.

ನಿನ್ನ ಅತ್ತೆ,
ಸಂಗವ್ವ

*

ಸಾಂಗಲಿ
12 ನವೆಂಬರ್ 2024

ಅತ್ತೆಯವರ ಪಾದಕ್ಕೆ ನಮಸ್ಕಾರ.

ನಿಮಗೆ ಬರೆಯಲು ಹೆದರಿ ಅವರಿಗೆ ಬರೆದೆ. ಇನ್ನು ಮುಂದೆ ನಿಮಗೇ ಬರೆಯುತ್ತೇನೆ.

ತಪ್ಪುವುದು ಒಂದೇ ಬಗೆಯ ಲೆಕ್ಕ. ಇಲ್ಲಿ ಮರಾಠಿಯಲ್ಲಿ ಅದಕ್ಕೆ 'ಕಾಳ-ಕಾಮ-ವೇಗ' ಎನ್ನುತ್ತಾರೆ, ಅಂದರೆ ಹೊತ್ತು, ಕೆಲಸ, ವೇಗ. ಒಬ್ಬಳು ಒಂದು ಕೆಲಸವನ್ನು ಹನ್ನೆರಡು ದಿನದಲ್ಲಿ ಮುಗಿಸುತ್ತಾಳೆ, ಇನ್ನೊಬ್ಬಳು ಅದನ್ನೇ ಇಪ್ಪತ್ನಾಲ್ಕು ದಿನದಲ್ಲಿ. ಇಬ್ಬರೂ ಕೂಡಿ ಮಾಡಿದರೆ ಎಷ್ಟು ದಿನ? ನಾನು ಹನ್ನೆರಡು ಎಂದು ಬರೆದೆ.

ಕಲಿಸುವ ನಾಗನಾಥ ಸರ್ ನಮ್ಮ ಕಡೆಯ ಬೆಳುಂಕಿಯವರು. ಪಾಠ ಮರಾಠಿಯಲ್ಲಿ, ಬೈಯುವುದು ಮಾತ್ರ ಕನ್ನಡದಲ್ಲಿ. "ಅಲ್ಲವ್ವಾ, ಮೊದಲ್ನೇದಾಕಿ ಒಬ್ಬಾಕೀನ ಹನ್ನೆರಡ ದಿನದಾಗ ಮುಗಸ್ತಿದ್ಲು. ಎರಡ್ನೇದಾಕಿ ಬಂದ ಮ್ಯಾಲೂ ಹನ್ನೆರಡ ದಿನಾನ ಅಂದ್ರ, ಆಕಿ ಏನ್ ಬುತ್ತಿ ಹೊತಗೊಂಡ ಬಂದಿದ್ಲೇನ?" ಎಂದರು. ಅರ್ಥವಾದವರೂ ನಕ್ಕರು, ಆಗದವರೂ ನಕ್ಕರು.

ಅವರಿಗೆ ನಾನು ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ಇಬ್ಬರು ಕೂಡಿ ಕೆಲಸ ಎಂದು ಓದಿದ ಕೂಡಲೇ ನನ್ನ ಕಣ್ಣ ಮುಂದೆ ಬರುವುದು ನಮ್ಮ ಹೊಲದ ಸಮಸಾಲು. ಜೋಳ ಕೀಳುವಾಗ ಯಾರೂ ಯಾರಿಗಿಂತ ಮುಂದೆ ಹೋಗಬಾರದು, ಎಲ್ಲರೂ ಒಂದೇ ಗೆರೆಯಲ್ಲಿ ನಡೆಯಬೇಕು. ಅಂದಮೇಲೆ ಚುರುಕಿನವಳೂ ನಿಧಾನದವಳ ಹೆಜ್ಜೆಯನ್ನೇ ಹಾಕಬೇಕಲ್ಲ? ಇಬ್ಬರೂ ಇಪ್ಪತ್ನಾಲ್ಕರ ಹೆಜ್ಜೆ ಹಾಕಿದರೆ ಹನ್ನೆರಡೇ ಬರುತ್ತದೆ.

ಮದುವೆಯಾದ ವರ್ಷದ ಸುಗ್ಗಿ ನೆನಪಿದೆಯೇ? ನಾನು ಹಿಂದೆ ಬಿದ್ದಾಗಲೆಲ್ಲ ನೆಗೆಣ್ಣಿ ದಾಕ್ಷಕ್ಕನಿಗೆ ನೀರಡಿಕೆಯಾಗುತ್ತಿತ್ತು. ಕೂಲಿಯ ತುಳಸವ್ವ ತಲೆವಸ್ತ್ರ ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಕಾಳವ್ವ ಹಾಡು ಎಳೆಯುತ್ತಿದ್ದಳು. ಅವರೆಲ್ಲ ನನಗಾಗಿ ನಿಲ್ಲುತ್ತಿದ್ದರು ಎಂದು ತಿಳಿಯಲು ನನಗೆ ಎರಡು ಸುಗ್ಗಿ ಬೇಕಾಯಿತು. ಈ ಪರೀಕ್ಷೆಯಲ್ಲಿ ಒಮ್ಮೆಯಾದರೂ ನಾನು ನನ್ನ ಹೆಜ್ಜೆಯಲ್ಲಿ ನಡೆದು ಮುಟ್ಟಬೇಕು, ಅತ್ತೆ. ಅದಕ್ಕೇ ಇಲ್ಲಿದ್ದೇನೆ.

ನಿಮ್ಮ ಸೊಸೆ,
ವಿಜಯಶ್ರೀ

*

ಉಟಗಿ
20 ನವೆಂಬರ್ 2024

ವಿಜಯಶ್ರೀಗೆ,

ಸಮಸಾಲು ನನ್ನ ಅತ್ತೆ ಹಾಕಿದ ರೀತಿ. ಮುಂದೆ ಹೋದವಳಿಗೆ ಗರ್ವ, ಹಿಂದೆ ಉಳಿದವಳಿಗೆ ಕಣ್ಣೀರು, ಎರಡೂ ನಮ್ಮ ಹೊಲದಲ್ಲಿ ಬೇಡವೆಂದು ಹಾಕಿದ್ದು. ಅದನ್ನು ನಿನ್ನ ತಪ್ಪಿಗೆ ನೆವ ಮಾಡಬೇಡ. ಪ್ರಶ್ನೆ ತೆಗೆದವನು ನಮ್ಮ ಹೊಲ ನೋಡಿಲ್ಲ. ಅವನ ಹೊಲದಲ್ಲಿ ಅವರವರ ಹೆಜ್ಜೆ ಅವರವರದು. ಒಂದೊಂದು ದಿನದ ಕೆಲಸ ತೆಗೆದು ಕೂಡಿಸು. ಒಬ್ಬಳದು ಹನ್ನೆರಡರಲ್ಲಿ ಒಂದು ಪಾಲು, ಇನ್ನೊಬ್ಬಳದು ಇಪ್ಪತ್ನಾಲ್ಕರಲ್ಲಿ ಒಂದು. ಕೂಡಿದರೆ ಎಂಟರಲ್ಲಿ ಒಂದು. ಎಂಟು ದಿನ. ಇಷ್ಟಕ್ಕೆ ಸಾಂಗಲಿಗೆ ಹೋಗಬೇಕಿತ್ತೇ?

ತಲೆವಸ್ತ್ರದ ಕಥೆ ನನಗೆ ಬೇಡ. ಹೆಂಗಸರು ನೀರು ಕುಡಿಯುವುದು ನೀರಡಿಕೆಗೆ.

ಈಗ ನನ್ನ ಕರಾರು ಕೇಳು. ಸಂಕ್ರಾಂತಿಯೊಳಗಿನ ಸರಾವ ಪರೀಕ್ಷೆಯಲ್ಲಿ ಎಪ್ಪತ್ತೈದು ಬಂದರೆ ಮಾರ್ಚ್‌ವರೆಗೆ ಅಲ್ಲಿರು. ಬಾರದಿದ್ದರೆ ಸುಗ್ಗಿಗೆ ಮನೆಗೆ ಬಾ, ಮತ್ತೆ ಹೋಗುವ ಮಾತಿಲ್ಲ. ನಿನ್ನ ಪಾಲಿನ ಎಮ್ಮೆಯ ಹಿಂಡಿ, ಹಾಲು, ಮುಸುರೆ ಎಲ್ಲ ಹಿರಿಸೊಸೆ ದಾಕ್ಷಾಯಣಿ ಮಾಡುತ್ತಿದ್ದಾಳೆ. ಅವಳು ಬಾಯಿ ಬಿಟ್ಟು ಏನೂ ಹೇಳುವುದಿಲ್ಲ. ಹೇಳದಿರುವುದೂ ನನಗೆ ಕೇಳಿಸುತ್ತದೆ.

ಸಂಗವ್ವ

*

ಸಾಂಗಲಿ
8 ಡಿಸೆಂಬರ್ 2024

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಪತ್ರ ಮೇಜಿನ ಮೇಲೆ ಇಟ್ಟುಕೊಂಡೇ ಲೆಕ್ಕ ಮಾಡುತ್ತೇನೆ. ಈ ಸಲ ಅರವತ್ತೊಂದು.

ಈಗ ನೀರಿನ ಟಾಕಿಯ ಲೆಕ್ಕಗಳು ನಡೆದಿವೆ. ಒಂದು ನಳ ಟಾಕಿಯನ್ನು ಆರು ತಾಸಿನಲ್ಲಿ ತುಂಬುತ್ತದೆ. ತಳದ ತೂತು ತುಂಬಿದ ಟಾಕಿಯನ್ನು ಹನ್ನೆರಡು ತಾಸಿನಲ್ಲಿ ಬರಿದು ಮಾಡುತ್ತದೆ. ಎರಡೂ ತೆರೆದಿದ್ದರೆ ತುಂಬಲು ಎಷ್ಟು ಹೊತ್ತು? ತುಂಬುವುದನ್ನು ಕೂಡಿಸಬೇಕು, ಬರಿದು ಮಾಡುವುದರ ಹಿಂದೆ ವಜಾ ಚಿಹ್ನೆ ಹಾಕಿ ಕಳೆಯಬೇಕು. ಹನ್ನೆರಡು ತಾಸು. ಇದು ನನಗೆ ಸರಿಯಾಗಿ ಬಂತು. ತೂತಿಗೆ ತನ್ನ ಕೆಲಸ ಎಂಥದೆಂದು ತಿಳಿಯುವುದಿಲ್ಲ, ಅದೂ ಹಗಲಿಡೀ ದುಡಿಯುತ್ತಲೇ ಇರುತ್ತದೆ ಎಂದು ನಾಗನಾಥ ಸರ್ ಹೇಳಿದರು.

ದಾಕ್ಷಕ್ಕನಿಗೆ ಹೇಳಿ, ಅವಳು ಕಳಿಸಿದ ಶೇಂಗಾ ಹಿಂಡಿಯನ್ನು ನನ್ನ ಖೋಲಿಯಲ್ಲಿರುವ ಹುಡುಗಿಯರೆಲ್ಲ ರೊಟ್ಟಿಗೆ ಹಚ್ಚಿಕೊಂಡು ತಿಂದು ಮುಗಿಸಿದರು.

ವಿಜಯಶ್ರೀ

*

ಉಟಗಿ
6 ಜನವರಿ 2025

ವಿಜಯಶ್ರೀಗೆ,

ಎಳ್ಳ ಅಮಾಸಿಗೂ ನೀನು ಬರಲಿಲ್ಲ. ಪರೀಕ್ಷೆ ಇತ್ತೆಂದು ಅನಿಲನ ಬಾಯಿಂದ ಕೇಳಿದೆ. ಹೊಲದಲ್ಲಿ ಭೂಮಿತಾಯಿಗೆ ಚರಗ ಚೆಲ್ಲಿ ಊಟಕ್ಕೆ ಕುಳಿತಾಗ ತುಳಸವ್ವ ಎಲ್ಲರ ಮುಂದೆ ಕೇಳಿದಳು: "ಸಣ್ಣ ಸೊಸಿ ಎಲ್ರಿ ಯವ್ವಾರ? ಲೆಕ್ಕಾ ಕಲತ ಬಂದ್ಲಂದ್ರ ನಮ್ಮ ರೊಟ್ಟೀನೂ ಎಣಸಿ ಕೊಡ್ತಾಳೇನ್ರಿ?" ನಾನು "ಎಣಿಸಿದ್ರ ನಿನಗ ಎರಡ ಕಡಿಮಿ ಬೀಳ್ತಾವ, ಸುಮ್ಮ ಉಣ್ಣ" ಎಂದೆ. ನಕ್ಕರು. ಆದರೆ ಕೇಳಿದ್ದು ನಗುವುದಕ್ಕಲ್ಲ ಎಂದು ನನಗೆ ಗೊತ್ತು.

ಈ ಸಲ ಹೊಲಕ್ಕೆ ಕಲ್ಮೇಶನ ಜೀಪಿನಲ್ಲಿ ಹೋದೆವು. ಪ್ರತಿವರ್ಷ ಬುಟ್ಟಿ ಹೊತ್ತು ನಡೆದೇ ಹೋಗುವುದು ರೂಢಿ. ದೊಡ್ಡ ಮಗನೆಂಬ ಅಹಂಕಾರ ಅವನಿಗೆ, ಕೇಳಲಿಲ್ಲ, ಹತ್ತಿಸಿಯೇ ಬಿಟ್ಟ.

ಟಾಕಿಯ ಲೆಕ್ಕ ಓದಿದೆ. ನಮ್ಮ ಜತ್ತ ತಾಲೂಕಿನಲ್ಲಿ ಯಾರೂ ತೂತು ಮುಚ್ಚದೆ ನಳ ಬಿಡುವುದಿಲ್ಲ. ಅಂಥ ಹುಚ್ಚನಿಗೆ ಎಷ್ಟು ತಾಸು ಹಿಡಿದರೇನು?

ಸಂಕ್ರಾಂತಿಗೆ ಎಂಟು ದಿನ ಉಳಿದಿವೆ.

ಸಂಗವ್ವ

*

ಸಾಂಗಲಿ
17 ಜನವರಿ 2025

ಅತ್ತೆಯವರಿಗೆ,

ಎಪ್ಪತ್ತೊಂದು.

ಕಾಳ-ಕಾಮ-ವೇಗದಲ್ಲಿ ಒಂದೂ ತಪ್ಪಿಲ್ಲ. ಹೋದದ್ದು ಮರಾಠಿ ವ್ಯಾಕರಣದಲ್ಲಿ. ಪರೀಕ್ಷೆ ಮಾರ್ಚ್ ಹದಿನಾರಕ್ಕೆ ಗೊತ್ತಾಗಿದೆ. ಕರಾರು ನಿಮ್ಮದು. ನಾನು ಏನೂ ಕೇಳುವುದಿಲ್ಲ.

ವಿಜಯಶ್ರೀ

*

ಉಟಗಿ
9 ಫೆಬ್ರುವರಿ 2025

ವಿಜಯಶ್ರೀಗೆ,

ನಿನ್ನ ಪತ್ರಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ಎಪ್ಪತ್ತೊಂದು ಎಂದರೆ ಎಪ್ಪತ್ತೈದಲ್ಲ. ಆದರೂ ನಾಲ್ಕು ಗುಣಕ್ಕೆ, ನಾಲ್ಕೇ ಅಂಕಕ್ಕೆ, ಒಬ್ಬಳನ್ನು ಎಳೆದು ತರಬೇಕೇ ಎಂದು ಸುಮ್ಮನಿದ್ದೆ. ಈಗ ಸುಮ್ಮನಿರುವಂತಿಲ್ಲ.

ಹೊಲದ ಮೇಲಿನ ಪಟ್ಟಿಯ ಜೋಳ ಇಂದು ಕಿತ್ತು ಮುಗಿಯಿತು. ನಾನು, ದಾಕ್ಷಾಯಣಿ, ತುಳಸವ್ವ, ಕಾಳವ್ವ, ಚಂದ್ರಾಬಾಯಿ, ಐದು ಮಂದಿಗೆ ಹನ್ನೆರಡು ದಿನ ಹಿಡಿಯಿತು. ಹಿಂದೆ ಒಂಬತ್ತು ದಿನದಲ್ಲಿ ಮುಗಿಯುತ್ತಿದ್ದ ಪಟ್ಟಿ ಅದು. ಕೆಳಗಿನ ಪಟ್ಟಿಯೂ ಅಷ್ಟೇ ದೊಡ್ಡದು. ತೆನೆ ಒಣಗಿ ಕಾಳು ಉದುರುತ್ತಿದೆ, ಹಕ್ಕಿ ಮುಕುರಿವೆ. ಮೋಡ ಬಂದು ನಾಲ್ಕು ಹನಿ ಬಿದ್ದರೂ ಜೋಳ ಕಪ್ಪಾಗುತ್ತದೆ.

ಹೆಂಗಸರಿಗೆ ಮೈ ಬಗ್ಗುವುದಿಲ್ಲ ಈಗ. ತಾಸಿಗೊಮ್ಮೆ ದಾಕ್ಷಾಯಣಿಗೆ ನೀರಡಿಕೆ. ತುಳಸವ್ವ ನಡು ಸಾಲಿನಲ್ಲಿ ನಿಂತು ತಲೆವಸ್ತ್ರ ಬಿಚ್ಚಿ ಕಟ್ಟುತ್ತಾಳೆ. ಕಾಳವ್ವ ಹಾಡು ಹಿಡಿದರೆ ಒಂದು ನುಡಿ ಮುಗಿಯುವುದರೊಳಗೆ ಹೊತ್ತು ಮುಳುಗುತ್ತದೆ. ನಾನು ಬಲಗಡೆಯ ಸಾಲಿನಲ್ಲಿ ಒಂದು ಸಲವೂ ನಿಲ್ಲದೆ ಕೀಳುತ್ತೇನೆ, ಇವರು ನಿಂತು ನಿಂತು ನನ್ನ ಸಾಲು ಕೆಡಿಸುತ್ತಾರೆ.

ಒಂದು ಕೈ ಹೆಚ್ಚು ಬೇಕು. ಹನ್ನೆರಡನೇ ತಾರೀಖು ಅನಿಲ ಬರುತ್ತಾನೆ. ಟ್ರಂಕು, ಪುಸ್ತಕ ಅವನ ಕೈಯಲ್ಲಿ ಕಳಿಸು. ಖೋಲಿ ಬಿಡುವ ಕೆಲಸ ಮುಗಿಸಿ ಮರುದಿನದ ಬಸ್ಸಿಗೆ ನೀನು ಬಾ. ನೀನು ಬಂದ ಮೇಲೆ ಕೆಳಗಿನ ಪಟ್ಟಿಗೆ ಕೈ ಹಾಕುವುದು.

ಇದು ಕೇಳುವ ಪತ್ರವಲ್ಲ.

ಸಂಗವ್ವ

*

ಸಾಂಗಲಿ
12 ಫೆಬ್ರುವರಿ 2025

ಅತ್ತೆಯವರಿಗೆ,

ಟ್ರಂಕು ಕಳಿಸಿದ್ದೇನೆ. ಪುಸ್ತಕಗಳೆಲ್ಲ ಅದರಲ್ಲೇ ಇವೆ. ನೀವು ಹೇಳಿದ್ದನ್ನು ಮೀರಿದೆ ಎಂದು ಯಾರೂ ಅನ್ನಬಾರದು. ಅವರು ಮೆಟ್ಟಿಲಲ್ಲಿ ಟ್ರಂಕು ಇಳಿಸುವಾಗ "ಭಾರ ಅದಲ್ಲೇ" ಎಂದರು. "ಹೂಂ" ಎಂದೆ. ಅಷ್ಟೇ ನಮ್ಮ ಮಾತು.

ನಾನು ಮಾತ್ರ ಉಳಿದಿದ್ದೇನೆ. ನನ್ನ ಒಂದು ಲೆಕ್ಕಕ್ಕೆ ಉತ್ತರ ಬೇಕು.

ಸಮಸಾಲು ನಿಧಾನದವಳ ಹೆಜ್ಜೆಗೆ ನಡೆಯುತ್ತದೆ. ಎರಡು ವರ್ಷ ಆ ನಿಧಾನದವಳು ನಾನು. ನಾನಿದ್ದ ಸುಗ್ಗಿಯಲ್ಲೂ ಮೇಲಿನ ಪಟ್ಟಿಗೆ ಇಷ್ಟು ದಿನ ಹಿಡಿದಿರಲಿಲ್ಲ. ಈಗ ನಾನು ಸಾಲಿನಲ್ಲಿಲ್ಲ, ಆದರೂ ಹನ್ನೆರಡು ದಿನ. ದಾಕ್ಷಕ್ಕನಿಗೆ ಮತ್ತೆ ನೀರಡಿಕೆ ಶುರುವಾಗಿದೆ. ತುಳಸವ್ವನ ತಲೆವಸ್ತ್ರ ಮತ್ತೆ ಬಿಚ್ಚುತ್ತಿದೆ. ಕಾಳವ್ವನ ಹಾಡು ಮತ್ತೆ ಉದ್ದವಾಗಿದೆ.

ಅತ್ತೆ, ಅವರು ಈಗ ಯಾರಿಗಾಗಿ ನಿಲ್ಲುತ್ತಿದ್ದಾರೆ?

ಇದನ್ನು ನನಗೆ ಯಾರೂ ಹೇಳಿಲ್ಲ. ದಾಕ್ಷಕ್ಕನನ್ನು ಬೈಯಬೇಡಿ, ಅವಳು ನನಗೆ ಒಂದಕ್ಷರ ಬರೆದವಳಲ್ಲ. ನಿಮ್ಮ ಪತ್ರವೇ ಹೇಳಿತು. ಆ ನೀರು, ಆ ತಲೆವಸ್ತ್ರ ನನ್ನಷ್ಟು ಗುರುತಿರುವವರು ಯಾರಿದ್ದಾರೆ?

ಆರನೆಯವಳು ಬಂದರೂ ಸಾಲಿನ ಹೆಜ್ಜೆ ಬದಲಾಗುವುದಿಲ್ಲ. ಆದರೂ ಬಾ ಎಂದರೆ ಬರುತ್ತೇನೆ. ಉತ್ತರ ಬರೆದು ಕಳಿಸಿ. ಅದು ಬರುವವರೆಗೆ ಗೆಳತಿಯ ಪುಸ್ತಕದಲ್ಲಿ ಓದುತ್ತಿರುತ್ತೇನೆ.

ವಿಜಯಶ್ರೀ

*

ಉಟಗಿ
24 ಫೆಬ್ರುವರಿ 2025

ವಿಜಯಶ್ರೀಗೆ,

ಹದಿನೈದನೇ ತಾರೀಖು ಅನಿಲ ನಿನ್ನ ಟ್ರಂಕನ್ನು ತಿರುಗಿ ಸಾಂಗಲಿಗೆ ತಂದುಕೊಟ್ಟಾಗ ಅದರ ಜೊತೆ ಪತ್ರವಿರಲಿಲ್ಲ. ಏನು ತಿಳಿದುಕೊಂಡೆಯೋ ನನಗೆ ಗೊತ್ತಿಲ್ಲ. ಲೆಕ್ಕ ಮುಗಿಯದೆ ಉತ್ತರ ಬರೆಯಬಾರದೆಂದು ಬರೆಯಲಿಲ್ಲ. ನಿನ್ನೆ ಮುಗಿಯಿತು.

ನಿನ್ನ ಪತ್ರ ಓದಿದಾಗ ಅದನ್ನು ಒಲೆಗೆ ಹಾಕಲು ಎದ್ದಿದ್ದೆ. ದಾಕ್ಷಾಯಣಿ ಅಲ್ಲೇ ರೊಟ್ಟಿ ಬಡಿಯುತ್ತಿದ್ದಳು.

"ಏನ್ ಬರದಾಳ್ರಿ ಅತ್ತಿ?"

"ಒಂದ ಲೆಕ್ಕಾ ಬರದಾಳ."

"ಬಿರಸ ಅದ ಏನ್ರಿ?"

ನಾನು ಪತ್ರ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಒಲೆಗೆ ಹಾಕಲಿಲ್ಲ.

ಮರುದಿನ ಕೆಳಗಿನ ಪಟ್ಟಿಗೆ ಹೋದೆವು. ನಾನು ಬಲಗಡೆಯ ಮೊದಲ ಸಾಲು ಹಿಡಿದೆ. ಯಾವಾಗಲೂ ನೆಲ ನೋಡಿ ಕೀಳುವವಳು ಅಂದು ಓರೆಗಣ್ಣಿನಲ್ಲಿ ಎಡಕ್ಕೆ ನೋಡುತ್ತ ಕಿತ್ತೆ. ಸ್ವಲ್ಪ ಹೊತ್ತಿಗೆ ದಾಕ್ಷಾಯಣಿ ನೀರಿಗೆ ಹೋದಳು. ತುಳಸವ್ವ ತಲೆವಸ್ತ್ರ ಬಿಚ್ಚಿದಳು. ಆಮೇಲೆ ಚಂದ್ರಾಬಾಯಿ ನೀರಿಗೆ ಹೋದಳು, ಆಮೇಲೆ ಮತ್ತೆ ತುಳಸವ್ವ. ನಾನು ಸಮಕ್ಕೆ ಬಂದ ಕೂಡಲೇ ಎಲ್ಲರ ನೀರಡಿಕೆಯೂ ಆರುತ್ತಿತ್ತು.

ಊಟಕ್ಕೆ ಮೊದಲು ನಾನೇ ಬದುವಿಗೆ ಹೋಗಿ ಕೊಡದ ಬಾಯಿ ತೆರೆದೆ. ಕಂಠದವರೆಗೆ ನೀರಿತ್ತು. ಮುಂಜಾನೆ ಇಟ್ಟದ್ದು ಇಟ್ಟ ಹಾಗೆ.

"ತುಳಸವ್ವಾ, ಮುಂಜಾನಿಂದ ಎಷ್ಟ ಸಲ ನೀರ ಕುಡದಿ?"

"ಬಿಸಲ ನೋಡ್ರಿ ಯವ್ವಾರ. ನಾಕೈದ ಸಲ ಕುಡದೀನಿ."

"ಮತ್ತ ಕೊಡಾ ತುಂಬೇ ಅದಲ್ಲ?"

ತುಳಸವ್ವ ಚಂದ್ರಾಬಾಯಿಯ ಮುಖ ನೋಡಿದಳು. ಚಂದ್ರಾಬಾಯಿ ಕಾಳವ್ವನ ಮುಖ ನೋಡಿದಳು. ಕಾಳವ್ವ ಬಾಯಿಗೆ ಸೆರಗು ಒತ್ತಿಕೊಂಡಳು.

"ದೇವರ ಕೊಡಾ ಇರಬೇಕ ಬಿಡ್ರಿ," ಎಂದಳು ತುಳಸವ್ವ. "ಕುಡದಂಗ ಕುಡದಂಗ ತುಂಬತದ."

ಯಾರೂ ನಗಲಿಲ್ಲ. ದಾಕ್ಷಾಯಣಿ ನನ್ನ ಮೊಣಕಾಲು ನೋಡುತ್ತಿದ್ದಳು. ನಾನು ನೋಡಿದ್ದನ್ನು ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದಳು. ಆ ಕಾಲಿಗೆ ನಾನು ಸೀರೆಯೊಳಗೆ ಬಟ್ಟೆ ಸುತ್ತಿಕೊಂಡಿರುತ್ತೇನೆ. ಯಾರಿಗೂ ಗೊತ್ತಿಲ್ಲವೆಂದುಕೊಂಡಿದ್ದೆ.

"ದಾಕ್ಷಿ, ಬಲಕ್ಕ ಬಾ."

"ಅತ್ತೀ, ಅದು ನಿಮ್ಮ ಸಾಲರಿ..."

"ಬಾ ಅಂದ್ನಿ."

ಬಂದಳು.

"ಸಾಲ ಹಿಡಿ. ನಿನ್ನ ಹೆಜ್ಜಿ ಹಾಕು. ನನ್ನ ಹೆಜ್ಜಿ ಹಾಕೀದಿ ಅಂದ್ರ ನೋಡ."

ತಲೆವಸ್ತ್ರ ಬಿಚ್ಚಿ ಬದುವಿನ ಮೇಲೆ ಹೋಗಿ ಕುಳಿತೆ. ನನ್ನನ್ನು ಯಾರೂ ಹೇಳಿ ಕೂಡಿಸಲಿಲ್ಲ. ನಾನೇ ಕುಳಿತೆ. ಇದನ್ನು ಸರಿಯಾಗಿ ತಿಳಿದುಕೊ, ಬೇರೆಯವರು ಬೇರೆ ಹೇಳಿದರೆ ನಂಬಬೇಡ.

ದಾಕ್ಷಾಯಣಿ ಮೊದಲು ಅಂಜಿ ಅಂಜಿ ಕಿತ್ತಳು. ಎರಡು ಸಲ ತಿರುಗಿ ನನ್ನನ್ನು ನೋಡಿದಳು. ನಾನು ಮುಖ ಅತ್ತ ಮಾಡಿ ಸೂಡು ಕಟ್ಟುವ ಹುರಿ ಹೊಸೆಯತೊಡಗಿದೆ. ಆಮೇಲೆ ಅವಳು ನೋಡಲಿಲ್ಲ. ಈ ಮನೆಗೆ ಬಂದು ಹದಿನಾಲ್ಕು ವರ್ಷವಾಯಿತು ಅವಳಿಗೆ. ಅವಳ ಕೈ ಅಷ್ಟು ಚುರುಕೆಂದು ನಾನು ಅಂದು ನೋಡಿದೆ. ಕಾಳವ್ವ ಹಾಡು ಹಿಡಿದಳು. ನಾನು ಎಷ್ಟೋ ವರ್ಷದಿಂದ ಕೇಳಿರದ ಹಾಡು, ಓಡುವ ಹಾಡು.

ಈಗ ನಿನ್ನ ಲೆಕ್ಕಕ್ಕೆ ಉತ್ತರ. ನಿನ್ನದಕ್ಕಿಂತ ನನ್ನದು ಚೊಕ್ಕವಾಗಿದೆ, ಬರೆದುಕೊ.

ಒಂದೇ ಅಳತೆಯ ಎರಡು ಪಟ್ಟಿಗಳಿವೆ. ಮೇಲಿನದನ್ನು ಐದು ಮಂದಿ ಕೂಡಿ ಹನ್ನೆರಡು ದಿನದಲ್ಲಿ ಮುಗಿಸಿದರು. ಕೆಳಗಿನದನ್ನು, ಐದನೆಯವಳು ಸಾಲು ಬಿಟ್ಟ ಮೇಲೆ, ಉಳಿದ ನಾಲ್ವರು ಹತ್ತು ದಿನದಲ್ಲಿ ಮುಗಿಸಿದರು. ಹಾಗಾದರೆ ಐದನೆಯವಳು ದಿನಕ್ಕೆ ಎಷ್ಟು ಕೆಲಸ ಮಾಡುತ್ತಿದ್ದಳು?

ಹನ್ನೆರಡರಲ್ಲಿ ಒಂದು ಪಾಲಿನಿಂದ ಹತ್ತರಲ್ಲಿ ಒಂದು ಪಾಲನ್ನು ಕಳೆ. ಅರವತ್ತರಲ್ಲಿ ಒಂದು ಬರುತ್ತದೆ. ಅದರ ಹಿಂದೆ ಯಾವ ಚಿಹ್ನೆ ಹಾಕಬೇಕೆಂದು ಟಾಕಿಯ ಲೆಕ್ಕದಲ್ಲಿ ನೀನೇ ಬರೆದಿದ್ದೀ. ಹಾಕು. ಅತ್ತೆಯೆಂದು ಅಂಜಬೇಡ. ತಪ್ಪು ಉತ್ತರಕ್ಕೆ ಗುಣವಿಲ್ಲ.

ತುಳಸವ್ವ ನಿನ್ನೆ ಕಡೆಯ ಸೂಡು ಹೊತ್ತು ಬಂದು ಕೇಳಿದಳು: "ಇನ್ನ ಸಮಸಾಲ ಮುರದಂಗ ಏನ್ರಿ ಯವ್ವಾರ?" ಮುರಿದಿಲ್ಲ ಎಂದೆ. ಸಾಲು ಸಮವೇ ಇದೆ. ಅದರಲ್ಲಿ ನಾನಿಲ್ಲ.

ಎಪ್ಪತ್ತೊಂದಕ್ಕೆ ನಾನು ಎಪ್ಪತ್ತೈದು ಎನ್ನುವುದಿಲ್ಲ. ಮಾರ್ಚ್ ಹದಿನಾರರವರೆಗೆ ನೀನು ಅಲ್ಲೇ ಇರಬೇಕು, ಇದು ಹೊಸ ಕರಾರು. ಅಲ್ಲಿ ನಿನಗಾಗಿ ಯಾರೂ ನೀರಿಗೆ ಹೋಗುವುದಿಲ್ಲ, ನೆನಪಿಡು. ಅನಿಲನಿಗೆ ಹೇಳಿಯಾಗಿದೆ. ಹಾಲು, ಹಿಂಡಿ ಅವನೇ ನೋಡುತ್ತಾನೆ. ಮೊದಲ ದಿನ ಎಮ್ಮೆ ಒದೆಯಿತು, ಈಗ ಒಗ್ಗಿದೆ. ಉಗ್ರಾಣದ ಕೀಲಿ ನನ್ನ ಸೊಂಟದಲ್ಲೇ ಇದೆ. ಬಲಗಡೆಯ ಸಾಲು ಮಾತ್ರ ದಾಕ್ಷಾಯಣಿಗೆ ಕೊಟ್ಟೆ. ಕೊಟ್ಟದ್ದನ್ನು ತಿರುಗಿ ಕೇಳುವುದು ಈ ಮನೆಯಲ್ಲಿಲ್ಲ.

ಈ ಹತ್ತು ದಿನ ಕೊಡ ಮಧ್ಯಾಹ್ನದೊಳಗೇ ಬರಿದಾಗುತ್ತಿತ್ತು. ಕಲ್ಮೇಶ ಜೀಪಿನಲ್ಲಿ ನೀರು ತಂದು ಬದುವಿಗೆ ಇಳಿಸುತ್ತಿದ್ದ. ಕೊಡ ತುಂಬಿಸಿ, ಸಾಲಿನ ತುದಿಗೆ ಒಯ್ದು ಇಡುತ್ತಿದ್ದವಳು ನಾನು.

ಸಂಗವ್ವ ಮುರಗೆಪ್ಪ ಕೋಟ್ಯಾಳ